ರೊಟ್ಟಿಯಾಕೆಯ ಮಗಳ ಕಾರ್ಡು

ಮೊದಲು ತೊಡಕಾದದ್ದು ಫೋಟೋ. ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕುವಾಗ ಬಿಳಿ ಹಿನ್ನೆಲೆಯ, ಮುಖ ನೆಟ್ಟಗೆ ಕಾಣುವ ಸಣ್ಣ ಫೋಟೋ ಬೇಕು. ತಾಯಿ ತಂದುಕೊಟ್ಟದ್ದು ಶಿಗ್ಗಾಂವಿಯ ಸ್ಟುಡಿಯೋದಲ್ಲಿ ತೆಗೆಸಿದ, ಅಡಿಯಿಂದ ಮುಡಿಯವರೆಗೆ ಕಾಣುವ ಫೋಟೋ. ಹಿಂದೆ ಬಣ್ಣ ಬಳಿದ ಕಾರಂಜಿ. ಮುಂದೆ ಮಗಳು ಇಳಕಲ್ಲ ಸೀರೆ ಉಟ್ಟು, ಪ್ಲಾಸ್ಟಿಕ್ ಕಂಬದ ಮೇಲೆ ಕೈಯಿಟ್ಟು ನಿಂತಿದ್ದಳು. ವರನ ಕಡೆಯವರಿಗೆ ಕಳಿಸಲೆಂದು ತೆಗೆಸಿದ್ದು ಅದು.

“ಇದರಾಗ ಭಾಳ ಚಂದ ಬಂದಾಳ್ರಿ ಅಕ್ಕಾರ. ಇದನ್ನ ಹಾಕ್ರಿ.”

“ಚಂದ ಬಂದಾಳ, ಖರೆ. ಆದ್ರ ಸರ್ಕಾರದವರು ಕನ್ಯಾ ನೋಡಾಕ ಬರಾಕತ್ತಿಲ್ಲಲ್ರಿ,” ಎಂದೆ.

ಆಕೆ ನಗಲಿಲ್ಲ. ಫೋಟೋವನ್ನು ಮತ್ತೆ ಸೆರಗಿನೊಳಗೆ ಇಟ್ಟುಕೊಂಡರು.

ನಾನು ದುಂಡಸಿ ಕಡೆಯ ಪಂಚಾಯ್ತಿಯೊಂದರಲ್ಲಿ ಪುನರ್ವಸತಿ ಕಾರ್ಯಕರ್ತೆ. ಊರಿನ ಅಂಗವಿಕಲರಿಗೆ ಕಾರ್ಡು, ಮಾಸಾಶನ, ಸಾಧನ ಸಲಕರಣೆ ಕೊಡಿಸಲು ಓಡಾಡುವುದು ನನ್ನ ಕೆಲಸ. ಓಡಾಡುವುದು ಎನ್ನುವುದು ಬಾಯಿಮಾತು. ಸಣ್ಣಂದಿನ ಪೋಲಿಯೋದಿಂದ ನನ್ನ ಎಡಗಾಲಿಗೆ ಬಲವಿಲ್ಲ. ಮೂರು ಗಾಲಿಯ ಸ್ಕೂಟರಿನಲ್ಲಿ ಶಿಗ್ಗಾಂವಿಯವರೆಗೆ ಹೋಗಿ ಅಲ್ಲಿಂದ ಬಸ್ಸು ಹತ್ತುತ್ತೇನೆ.

ಈ ತಾಯಿ ನಮ್ಮೂರಿನಲ್ಲಿ ಜೋಳದ ರೊಟ್ಟಿ ಬಡಿದು ಮಾರುವಾಕೆ. ಗಂಡ ತೀರಿಹೋಗಿ ಬಹಳ ವರ್ಷವಾಗಿದೆ. ಇಬ್ಬರು ಹೆಣ್ಣುಮಕ್ಕಳು. ಹಿರಿಯಳನ್ನು ಹಾನಗಲ್ಲಿಗೆ ಕೊಟ್ಟಿದ್ದಾರೆ. ಕಿರಿಯಳಿಗೆ ವಯಸ್ಸು ಇಪ್ಪತ್ತೈದು ದಾಟಿದ್ದರೂ ಬುದ್ಧಿ ಐದಾರು ವರ್ಷದ ಮಗುವಿನದು. ಹಿರಿಯಳ ಮದುವೆಯ ಕಾಲಕ್ಕೆ ಬೀಗರಿಗೆ, “ಸಣ್ಣಾಕಿ ಭಾಳ ನಾಚಿಕಿ ಸ್ವಭಾವದಾಕಿ” ಎಂದು ಹೇಳಿದ್ದರಂತೆ. ಅಂದಿನಿಂದ ಆ ಮಾತನ್ನೇ ಹಿಡಿದುಕೊಂಡು ಬಂದರು. ನಾನು ಎಷ್ಟು ಸಲ ಅವರ ಬಾಗಿಲಿಗೆ ಹೋದರೂ, “ನಮ್ಮಕಿಗೆ ಏನಾಗೇತ್ರಿ? ಕಾರ್ಡು ಬ್ಯಾಡ,” ಎಂದು ರೊಟ್ಟಿ ಕೊಟ್ಟು ಕಳಿಸುತ್ತಿದ್ದರು.

ಹೋದ ವರ್ಷ ಅವರೇ ನನ್ನನ್ನು ಹುಡುಕಿಕೊಂಡು ಬಂದರು. ಪಂಚಾಯ್ತಿಯ ಎರಡು ಮೆಟ್ಟಿಲು ಹತ್ತಿ, ಕಂಬ ಹಿಡಿದು ಬಹಳ ಹೊತ್ತು ನಿಂತರು. ಹೃದಯದ ಕವಾಟ ಕೆಟ್ಟಿದೆ, ಬದಲಿಸಬೇಕು, ತಡ ಮಾಡಬೇಡಿ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು.

“ಮೊದಲ ಅಕಿ ಹೆಸರಲೆ ಒಂದು ಕಾಗದ ಆಗ್ಲಿ. ತಿಂಗಳಾ ತಿಂಗಳಾ ಅಕಿ ಹೆಸರಲೆ ಏನರ ಬರ್ಲಿ. ಆಮ್ಯಾಲೆ ನನ್ನ ಎದಿ ಕೊಯ್ಲಿ. ನಾ ಟೇಬಲ್ ಮ್ಯಾಲೇ ಹ್ವಾದ್ರ ಅಕಿಗೆ ಯಾರು ದಿಕ್ಕು?”

“ಅದು ಬ್ಯಾರೆ, ಇದು ಬ್ಯಾರೆ. ನೀವು ಆಪರೇಷನ್ ಮಾಡಿಸ್ಕೊಂಡು ಬರ್ರಿ, ಅಷ್ಟರಾಗ ನಾ ಇದನ್ನ ನೋಡ್ತೇನಿ.”

“ಇಲ್ಲರಿ. ಕಾರ್ಡು ಕೈಯಾಗ ಬಂದ ಮ್ಯಾಲೆ ಹೋಗ್ತೇನಿ.”

ಹಟವನ್ನು ಬಾಯಿಯಿಂದ ಮುರಿಯಬಹುದು ಎಂಬ ಭ್ರಮೆ ನನಗೆ ಈ ಕೆಲಸದಲ್ಲಿ ಎಂದೋ ಹೋಗಿದೆ. ಅವತ್ತೇ ಅರ್ಜಿ ಶುರು ಮಾಡಿದೆ. ತಾಯಿ ಇನ್ನೊಂದು ಕರಾರೂ ಹಾಕಿದರು. ತಾಲ್ಲೂಕಿನ ಶಿಬಿರಕ್ಕೆ ಬರುವುದಿಲ್ಲ, ಅಲ್ಲಿ ಊರಿನವರು ಇರುತ್ತಾರೆ. ನೇರ ಹಾವೇರಿಯ ಆಸ್ಪತ್ರೆಗೇ ಕರೆದುಕೊಂಡು ಹೋಗಬೇಕು.

ಪಂಚಾಯ್ತಿಯ ಕಂಪ್ಯೂಟರಿನಲ್ಲಿ ಅರ್ಜಿ ತೆರೆದರೆ ಅಂಗವಿಕಲತೆಯ ಬಗೆಗಳ ಉದ್ದನೆಯ ಪಟ್ಟಿ ಬರುತ್ತದೆ. ಅದರಲ್ಲಿ ಒಂದನ್ನು ಆರಿಸಬೇಕು. ‘ಬೌದ್ಧಿಕ’ ಎಂಬುದರ ಮೇಲೆ ನಾನು ಬೆರಳಿಟ್ಟಾಗ ತಾಯಿ ಓದಿಸಿ ಕೇಳಿ, ದನಿ ಇಳಿಸಿ ಹೇಳಿದರು:

“ಅಕ್ಕಾರ, ಕಾಲು ಅಂತ ಹಾಕಿದ್ರ ಆಗೂದಿಲ್ಲೇನ್ರಿ? ನಿಮ್ಮಂಗ?”

“ಕಾಲು ನೆಟ್ಟಗ ಅದಾವಲ್ರಿ ಅಕಿಗೆ!”

“ಕಾಲಿಂದಾದ್ರ ಯಾರೂ ಏನೂ ಅನ್ನೂದಿಲ್ಲ ನೋಡ್ರಿ. ನಿಮಗೂ ಲಗ್ನಾತು, ಮಕ್ಕಳಾದ್ವು.”

ಕಾಲಿಗೆ ಜನ ಏನೇನು ಅನ್ನುತ್ತಾರೆ ಎಂಬುದನ್ನು ಹೇಳುತ್ತ ಕುಳಿತರೆ ಅವತ್ತಿನ ಕೆಲಸವಾಗುತ್ತಿರಲಿಲ್ಲ. ಪಟ್ಟಿಯಲ್ಲಿ ಇದ್ದದ್ದನ್ನೇ ಒತ್ತಿದೆ. ಆಗ ಮೊಬೈಲಿಗೆ ಗುಪ್ತ ಸಂಖ್ಯೆ, ಓಟಿಪಿ, ಹೋಗಿದೆ ಎಂದು ಪರದೆಯ ಮೇಲೆ ಬಂತು. ಹೋದದ್ದು ತೀರಿಹೋದ ಅಪ್ಪನ ನಂಬರಿಗೆ. ಆ ಸಿಮ್ಮು ಯಾವಾಗಲೋ ಬಂದ್ ಆಗಿತ್ತು.

ಹಾಗಾಗಿ ಮೊದಲು ಮಗಳ ಆಧಾರ್ ಕಾರ್ಡಿನಲ್ಲಿ ನಂಬರು ಬದಲಿಸಬೇಕಾಯಿತು. ಶಿಗ್ಗಾಂವಿಯ ಕೇಂದ್ರದಲ್ಲಿ ಮುಂಜಾನೆ ಚೀಟಿ ಕೊಡುತ್ತಾರೆ. ನಾವು ಮುಟ್ಟುವಷ್ಟರಲ್ಲಿ ಮುಗಿದಿರುತ್ತದೆ. ಎರಡು ಸಲ ಹಾಗೇ ವಾಪಸ್ಸು ಬಂದೆವು. ಮೂರನೆಯ ಸಲ ಚೀಟಿ ಸಿಕ್ಕಿತು, ಕರೆಂಟು ಹೋಯಿತು. ಕರೆಂಟು ಬಂದಾಗ ಮಗಳನ್ನು ಯಂತ್ರದ ಮುಂದೆ ಕೂಡಿಸಿದರು. ಬೆರಳಿಟ್ಟರೆ ಹಸಿರು ದೀಪ ಹತ್ತುತ್ತದೆ. ಅದನ್ನು ಕಂಡು ಆಕೆಗೆ ಖುಷಿಯಾಗಿ ಬೆರಳು ತೆಗೆಯಲೇ ಇಲ್ಲ. ಯಂತ್ರದವನು, “ಸಾಕವ್ವಾ, ತಗಿ,” ಎಂದ. “ಇನ್ನೊಮ್ಮೆ!” ಎಂದಳು. ಸಾಲಿನಲ್ಲಿದ್ದವರು ನಕ್ಕರು. ತಾಯಿ ಮಗಳ ಕೈಯನ್ನು ಎಳೆದುಕೊಂಡು ಸೆರಗಿನಲ್ಲಿ ಮುಚ್ಚಿದರು. ಬಿಳಿ ಗೋಡೆಯ ಮುಂದೆ ನಿಲ್ಲಿಸಿ ನನ್ನ ಮೊಬೈಲಿನಲ್ಲಿ ಹೊಸ ಫೋಟೋ ತೆಗೆದದ್ದೂ ಅಲ್ಲೇ.

ಕೊನೆಗೂ ಅರ್ಜಿ ಹೋಯಿತು. ಹಾವೇರಿಯಲ್ಲಿ ಈ ಬಗೆಯ ತಪಾಸಣೆಗೆ ವಾರದಲ್ಲಿ ಒಂದೇ ದಿನ. ಆ ದಿನ ತಾಯಿ ಮಗಳನ್ನು ಸಿಂಗರಿಸಿಕೊಂಡು ಬಂದಿದ್ದರು: ಹೊಸ ಸೀರೆ, ಮುಡಿಗೆ ಮಲ್ಲಿಗೆ, ಕೈತುಂಬ ಹಸಿರು ಬಳೆ. ಬಸ್ಸಿನಲ್ಲಿ ಬಂಕಾಪುರ ದಾಟುವವರೆಗೂ ಪಾಠ ನಡೆದಿತ್ತು. “ನಿನ್ನ ಹೆಸರು? ಊರು? ವಾರ ಎಷ್ಟು?” ಮಗಳು ಒಪ್ಪಿಸುತ್ತಿದ್ದಳು. ಬುಧವಾರ ಒಂದನ್ನು ಮಾತ್ರ ಪ್ರತಿ ಸಲ ಬಿಡುತ್ತಿದ್ದಳು.

ಆಸ್ಪತ್ರೆಯ ಬೆಂಚಿನ ಮೇಲೆ ನಮ್ಮ ಪಕ್ಕ ಹಿರೇಕೆರೂರ ಕಡೆಯ ಒಬ್ಬ ತಂದೆ, ಬೆಳೆದ ಮಗನನ್ನು ತೊಡೆಗೆ ಆನಿಸಿಕೊಂಡು ಕುಳಿತಿದ್ದರು. ಅವರದು ಎರಡನೆಯ ಸಲವಂತೆ. ತಾಯಿಯ ಪಾಠವನ್ನು ಕೇಳುತ್ತ ಇದ್ದವರು ಮೆಲ್ಲಗೆ ಹೇಳಿದರು:

“ಬಾಯಾರ, ಸಿಟ್ಟಾಗಬ್ಯಾಡ್ರಿ. ಮಕ್ಕಳನ್ನ ಹೊಗಳಬಾರದ ಜಾಗಾ ಅಂದ್ರ ಇದೊಂದ ನೋಡ್ರಿ.”

“ಹೊಗಳಾಕ ನಮ್ಮಕಿ ಅಂಥಾದ್ದೇನ ಮಾಡ್ಯಾಳ್ರಿ? ಇದ್ದದ್ದು ಹೇಳ್ತೇವಿ,” ಎಂದು ತಾಯಿ ಆಚೆ ತಿರುಗಿದರು.

ಆ ಮನುಷ್ಯ ನನ್ನನ್ನು ನೋಡಿ ಹುಬ್ಬೇರಿಸಿದರು. ಅಷ್ಟರಲ್ಲಿ ನಮ್ಮನ್ನು ಕರೆದರು. ಜೊತೆಗೆ ಒಬ್ಬರಷ್ಟೇ ಒಳಗೆ ಬರಬೇಕು ಎಂದರು. ತಾಯಿ ಹೋದರು, ನಾನು ಚೀಲ ಕಾಯುತ್ತ ಹೊರಗೆ ಉಳಿದೆ.

ಒಳಗೆ ಮನಃಶಾಸ್ತ್ರದ ಮೇಡಮ್ಮು ಮೊದಲು ಮಗಳೊಡನೆ ಮಾತಾಡಿ ಸಣ್ಣ ಸಣ್ಣ ಪರೀಕ್ಷೆ ಮಾಡುತ್ತಾರೆ. ನಂತರ ತಾಯಿಯನ್ನು ಕೇಳುತ್ತಾರೆ: ತಾನೇ ಸ್ನಾನ ಮಾಡುತ್ತಾಳೆಯೇ, ಬಟ್ಟೆ ಹಾಕಿಕೊಳ್ಳುತ್ತಾಳೆಯೇ, ಅಂಗಡಿಗೆ ಹೋಗಿ ಸಾಮಾನು ತರುತ್ತಾಳೆಯೇ ಎಂದು. ನಿತ್ಯದ ಬದುಕು ಎಷ್ಟು ತಾನಾಗಿ ನಡೆಯುತ್ತದೆ ಎಂಬುದಕ್ಕೆ ಅಂಕ. ಅದರ ಮೇಲೆ ಶೇಕಡಾ ಎಷ್ಟು ಎಂದು ನಿಲ್ಲುತ್ತದೆ, ಡಾಕ್ಟರು ಸಹಿ ಹಾಕುತ್ತಾರೆ. ಕನಿಷ್ಠ ನಲವತ್ತು ಬಂದರೆ ಮಾಸಾಶನ.

ಕೆಲವು ದಿನ ಬಿಟ್ಟು ಕಂಪ್ಯೂಟರಿನಲ್ಲಿ ನೋಡಿದಾಗ ಇಪ್ಪತ್ತೈದು ಎಂದು ಬಂದಿತ್ತು.

ನಾನು ಅವರ ಮನೆಗೆ ಹೋದೆ. ತಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಎರಡು ಬಡಿಯುವುದು, ಕೈ ಊರಿ ಉಸಿರು ತೆಗೆದುಕೊಳ್ಳುವುದು, ಮತ್ತೆ ಎರಡು.

“ಒಳಗ ಏನ್ ಕೇಳಿದ್ರು, ಏನ್ ಹೇಳಿದ್ರಿ?”

“ಜಳಕಾ ಮಾಡ್ತಾಳೇನು ಅಂದ್ರು. ಮಾಡ್ತಾಳ ಅಂದೆ. ಸೀರಿ ಉಟ್ಕೊಂತಾಳೇನು ಅಂದ್ರು. ಹೂಂ ಅಂದೆ. ಅಡಗಿ? ರೊಟ್ಟಿ ಬಡೀತಾಳ ಅಂದೆ. ಅಂಗಡಿಗೆ ಹೋಗ್ತಾಳೇನು? ಹೋಗ್ತಾಳ ಅಂದೆ.”

“ಎಲ್ಲಾದಕ್ಕೂ ಹೂಂ?”

“ಮಾಡ್ತಾಳಲ್ರಿ ಮತ್ತ! ಸುಳ್ಳ ಹೇಳ್ಲೇನು?”

“ಅಂಗಡಿಗೆ ಒಬ್ಬಾಕಿನ ಹೋಗ್ತಾಳ?”

“ಒಬ್ಬಾಕಿ ಹೆಂಗ ಕಳಸ್ಲಿ? ನಾ ಬಾಗಲದಾಗ ನಿಂತಿರ್ತೇನಿ. ಅಂಗಡಿಯಾತಗ ಮೊದಲ ಹೇಳಿರ್ತೇನಿ. ಅಕಿ ಹೋಗಿ ಇಸ್ಕೊಂಡು ಬರ್ತಾಳ.”

ಆಗ ನನಗೆ ಅರ್ಧ ಅರ್ಥವಾಯಿತು. ಉಳಿದರ್ಧಕ್ಕೆ ಇನ್ನೂ ಸಮಯ ಬೇಕಿತ್ತು.

ಸವಣೂರಿನಲ್ಲಿ ನನ್ನಂತೆಯೇ ಕೆಲಸ ಮಾಡುವ ಗೆಳತಿಯೊಬ್ಬಳಿದ್ದಾಳೆ. ಫೋನ್ ಮಾಡಿದೆ. ಮಂಡಳಿಗೆ ಮೇಲ್ಮನವಿ ಬರೆದುಕೊಟ್ಟರೆ ಮತ್ತೊಮ್ಮೆ ತಪಾಸಣೆ ಮಾಡುತ್ತಾರೆ ಎಂದಳು. ಜಿಲ್ಲಾ ಕಚೇರಿಗೆ ಒಂದು ಪ್ರತಿ, ಆಸ್ಪತ್ರೆಗೆ ಒಂದು ಪ್ರತಿ, ಮುಟ್ಟಿದ್ದಕ್ಕೆ ಮೊಹರಿನ ಶಿಕ್ಕಾ ಹಾಕಿಸಿಕೊಂಡು ಬಾ ಎಂದಳು. ನಂತರ ನಕ್ಕಳು.

“ಆದ್ರ ಒಂದ ಮಾತು ಕೇಳು. ತಾಯಿ ಬಾಯಿ ಬದಲಾಗಲಿಲ್ಲಂದ್ರ ಅದ ಇಪ್ಪತ್ತೈದು ಮತ್ತ ಬರ್ತೈತಿ. ಕನ್ಯಾ ತೋರಿಸಿ ತೋರಿಸಿ ನಮ್ಮ ಮಂದಿ ಬಾಯಿಗೆ ರೂಢಿ ಆಗಿಬಿಟ್ಟೈತಿ. ಯಾರ ಕೇಳಿದ್ರೂ ‘ಎಲ್ಲಾ ಕೆಲಸಾ ಮಾಡ್ತಾಳ್ರಿ’. ನಮ್ಮ ಕಡೆ ಒಬ್ಬಾಕಿ ಡಾಕ್ಟರಿಗೆ, ‘ಹಾಡಾನೂ ಹಾಡ್ತಾಳ್ರಿ, ಹಾಡಸ್ಲೇನು?’ ಅಂದಿದ್ಲು.”

ಶಿಕ್ಕಾ ಹಾಕಿಸಿಕೊಂಡು ಬಂದೆ. ಜಿಲ್ಲಾ ಕಚೇರಿಯಲ್ಲಿ ಒಂದು ಸಲ ಸಾಹೇಬರು ಮೀಟಿಂಗಿಗೆ ಹೋಗಿದ್ದರು. ಇನ್ನೊಂದು ಸಲ ಟಪಾಲಿನಾತ ರಜೆ. ಅಂತೂ ಆಯಿತು. ಇನ್ನು ಉಳಿದದ್ದು ತಾಯಿಯ ಬಾಯಿ.

ಅದೇ ಕಷ್ಟವಾದದ್ದು. ಸಂಜೆ ಹೊತ್ತು ಅವರ ಮನೆಯ ಕಟ್ಟೆಗೆ ಹೋಗಿ ಕೂಡುತ್ತಿದ್ದೆ. ಮಗಳು ಅಲ್ಲೇ ಮೊರದಲ್ಲಿ ಜೋಳ ಹಸನು ಮಾಡುತ್ತ ಇರುತ್ತಿದ್ದಳು. ಹಸನು ಮಾಡುವುದೆಂದರೆ ಹರಳುಕಲ್ಲುಗಳನ್ನು ಆರಿಸಿ ಒಂದು ಬಟ್ಟಲಿಗೆ ಹಾಕಿ, ಆಮೇಲೆ ಬಟ್ಟಲನ್ನು ಮತ್ತೆ ಮೊರಕ್ಕೆ ಸುರುವುವುದು. “ಅಕಿಗೆ ಏನೇನು ಬರೂದಿಲ್ಲ, ಅಷ್ಟ ಹೇಳ್ರಿ,” ಎಂದು ನಾನು ಶುರು ಮಾಡಿದರೆ ತಾಯಿಯ ಮುಖ ಗಂಟಾಗುತ್ತಿತ್ತು.

ಒಂದು ಸಲ ಕೈಯ ಹಿಟ್ಟು ಜಾಡಿಸಿ ಕೇಳಿಯೇಬಿಟ್ಟರು:

“ಬರೂದಿಲ್ಲ, ಬರೂದಿಲ್ಲ ಅಂತ ನನ್ನ ಬಾಯಿಲೆ ಅನಸ್ತೀರೇನ್ರಿ? ಅಕಿ ಇಲ್ಲೆ ಕೇಳಾಕತ್ತಾಳ. ಅವರಪ್ಪ ಸಾಯೂತನ ಒಂದ ಮಾತ ಹೇಳಿದ್ದ. ಮಗಳ ಮುಂದ ಹುಚ್ಚಿ ಅಂತ ಯಾರೂ ಅನಬಾರದು ಅಂತ. ಮಂದಿ ಬಾಯಿ ನಾ ಮುಚ್ಚಿಸೇನಿ. ಈಗ ನಾನ ಅನ್ಲೇನು, ಅದೂ ದೊಡ್ಡವರ ಮುಂದ?”

“ಹುಚ್ಚಿ ಅನ್ರಿ ಅಂತ ಯಾರೂ ಹೇಳಾಕತ್ತಿಲ್ಲ.”

“ಅದ ಆತಲ್ರಿ!”

ಮಗಳು ಹರಳಿನ ಬಟ್ಟಲನ್ನು ನನ್ನ ಮುಂದೆ ಹಿಡಿದು, “ತಿನ್ರಿ,” ಎಂದಳು. ಚಹಾಕ್ಕೆ ಬಂದವರಿಗೆ ಏನಾದರೂ ಕೊಡಬೇಕು ಎಂದು ಅವರವ್ವ ಕಲಿಸಿದ್ದರು. ನಾನು ಒಂದು ಹರಳು ತೆಗೆದುಕೊಂಡೆ.

ಹುಬ್ಬಳ್ಳಿಯಿಂದ ಫೋನ್ ಬಂತು. ಆಪರೇಷನ್ನಿಗೆ ದಿನ ಗೊತ್ತು ಮಾಡಿದ್ದರು. ತಾಯಿ ಹೋಗಲಿಲ್ಲ. ಮನೆಯಲ್ಲಿ ಸೂತಕ ಎಂದು ಸುಳ್ಳು ಹೇಳಿದರಂತೆ. ನನಗೆ ಆಮೇಲೆ ಗೊತ್ತಾಯಿತು. ಹಾನಗಲ್ಲಿನ ಹಿರಿಯ ಮಗಳು ಫೋನಿನಲ್ಲಿ ಅತ್ತಳು: “ನಮ್ಮವ್ವಗ ನೀವರ ಬುದ್ಧಿ ಹೇಳ್ರಿ ಅಕ್ಕಾರ. ಕಾಲು ಬಾತಾವ. ಮಕ್ಕೊಂಡ್ರ ಉಸಿರಾಡಾಕ ಆಗೂದಿಲ್ಲಂತ ಗ್ವಾಡಿಗೆ ಆನಕೊಂಡು ಕುಂದರ್ತಾಳ.”

ಮರುದಿನ ಮುಂಜಾನೆ ಬೈಯಬೇಕೆಂದೇ ಹೋದೆ. ಬಾಗಿಲಲ್ಲಿ ಸ್ಕೂಟರು ನಿಲ್ಲಿಸಿದಾಗ ಬಚ್ಚಲಿನಿಂದ ತಾಯಿಯ ದನಿ ಕೇಳುತ್ತಿತ್ತು. “ತಂಬಿಗಿ ತುಂಬು. ಹೆಗಲ ಮ್ಯಾಲೆ. ಇನ್ನೊಂದು ಹೆಗಲು. ಸಾಬಾಣ ಇಡು. ಇಡು ಅಂದೆ. ಕಣ್ಣ ಮುಚ್ಚು.” ಉಸಿರು ಕಟ್ಟುತ್ತಿತ್ತು, ಮಾತು ನಿಲ್ಲುತ್ತಿತ್ತು. ಮಾತು ನಿಂತಾಗ ಒಳಗೆ ನೀರಿನ ಸದ್ದೂ ನಿಲ್ಲುತ್ತಿತ್ತು. ಉಸಿರು ಬಂದು, “ಬೆನ್ನಿಗೆ” ಎಂದರೆ ಮತ್ತೆ ನೀರು.

ನಾನು ಹೊರಗಿನ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಈ ತಾಯಿ ಡಾಕ್ಟರರ ಮುಂದೆ ಸುಳ್ಳು ಹೇಳಿರಲಿಲ್ಲ. ಮಗಳು ಸ್ನಾನ ಮಾಡುತ್ತಾಳೆ, ಹೌದು. ಅದರೊಳಗೆ ತನ್ನ ಬಾಯಿ ಎಷ್ಟು, ಕೈ ಎಷ್ಟು ಎಂಬುದು ಅವರ ಲೆಕ್ಕಕ್ಕೇ ಬಂದಿರಲಿಲ್ಲ. ನಮ್ಮ ಕೈಕಾಲು ಆಡುವುದನ್ನು ನಾವು ಎಣಿಸುತ್ತೇವೆಯೇ?

ಬೈಯಲು ಬಂದವಳಿಗೆ ಬೈಗುಳ ಹೊರಡಲಿಲ್ಲ. ನಿಜ ಹೇಳಬೇಕೆಂದರೆ ನನಗೂ ದಣಿವಾಗಿತ್ತು. ತಾಯಿ ಹೊರಗೆ ಬಂದು ಗೋಡೆಗೆ ಒರಗಿದಾಗ, ಯುಕ್ತಿ ಮಾಡಬೇಕೆಂದು ಅಲ್ಲ, ಮನೆ ನಡೆಸುವ ಹೆಂಗಸಿಗೆ ತೋಚುವ ಮಾತೆಂದೇ ಕೇಳಿದೆ:

“ನೀವು ಹುಬ್ಬಳ್ಳಿಗೆ ಹ್ವಾದಾಗ ಇಕಿ ನಮ್ಮ ಮನ್ಯಾಗ ಇರ್ತಾಳ ಅನ್ಕೊಳ್ರಿ. ಮುಂಜಾನೆ ಎದ್ದಾಗಿಂದ ನಾ ಏನೇನ್ ಮಾಡ್ಬೇಕು? ಹೇಳಿ ಕೊಡ್ರಿ.”

ತಾಯಿ ನನ್ನನ್ನು ನೋಡಿದರು. ಸೆರಗಿನಿಂದ ಮುಖ ಒರೆಸಿಕೊಂಡು ಶುರು ಮಾಡಿದರು. ನನ್ನ ಚಹಾ ಆರಿಹೋಯಿತು, ಬಿಸಿಲು ಕಟ್ಟೆಗೆ ಬಂತು, ಆಕೆ ಹೇಳುತ್ತಲೇ ಇದ್ದರು. ಒಂದು ಸಲವೂ ‘ಬರೂದಿಲ್ಲ’ ಎಂಬ ಮಾತು ಬರಲಿಲ್ಲ. ‘ನೀವು ಹಿಂಗ ಮಾಡ್ರಿ’ ಎಂಬುದೊಂದೇ.

ಅಂಗಳದಲ್ಲಿ ಸ್ಕೂಟರು ತಿರುಗಿಸುವಾಗ ನಿರ್ಧಾರ ಮಾಡಿದೆ. ಹಾವೇರಿಯಲ್ಲೂ ಇವರು ಹೀಗೇ ಹೇಳಲಿ. ಪ್ರಶ್ನೆ ಕೇಳುವವರನ್ನು ಇದಕ್ಕೆ ಒಪ್ಪಿಸುವುದು ನನ್ನ ಪಾಲಿಗೆ ಇರಲಿ.

ಎರಡನೆಯ ತಪಾಸಣೆಯ ದಿನ ಬಂದಾಗ ಒಂದೇ ಮಾತು ಕೇಳಿಕೊಂಡೆ: ಪಾಠ ಬೇಡ. ತಾಯಿ ಒಪ್ಪಿದರು, ಆದರೆ ಮಲ್ಲಿಗೆ ಬಿಡಲಿಲ್ಲ. “ಹೂವಿಗೂ ಅಂಕ ಕಡಿಮಿ ಆಗ್ತಾವೇನ್ರಿ?” ಎಂದು ಚುಚ್ಚಿದರು. ಇರಲಿ ಎಂದೆ. ಆಸ್ಪತ್ರೆಯ ಮೆಟ್ಟಿಲಲ್ಲಿ ಮೂರು ಕಡೆ ಕುಳಿತರು. ನನ್ನ ಕುಂಟುಗಾಲು, ಅವರ ಉಸಿರು; ಮಗಳು ಮಾತ್ರ ಮೇಲೆ ಹೋಗಿ ನಿಂತು, “ಬರ್ರಿ, ಬರ್ರಿ,” ಎಂದು ಇಬ್ಬರನ್ನೂ ಕರೆಯುತ್ತಿದ್ದಳು.

ಮೇಡಮ್ಮು ಮೊದಲಿನವರೇ. ಸಾಲು ಉದ್ದವಿತ್ತು, ಅವರ ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದಂತೆಯೇ ಮೇಜಿನ ಮೇಲಿತ್ತು. ಮೊದಲು ನಾನೊಬ್ಬಳೇ ಬಾಗಿಲಲ್ಲಿ ನಿಂತು ಹೇಳಿದೆ: “ಮೇಡಂ, ಈ ತಾಯಿಯನ್ನು ಮಾಡ್ತಾಳೋ ಇಲ್ಲೋ ಅಂತ ಕೇಳಿದರೆ ಮಾಡ್ತಾಳೆ ಅಂತಲೇ ಹೇಳುತ್ತಾರೆ. ಮಗಳನ್ನು ಹದಿನೈದು ದಿನ ನಿಮ್ಮ ಹತ್ತಿರ ಬಿಟ್ಟು ಹೋಗುತ್ತಾರೆ ಅಂದುಕೊಂಡು, ಏನು ಮಾಡಬೇಕು ಅಂತ ಕೇಳುತ್ತೀರಾ? ಬೇಕಾದ್ದು ಅದರಲ್ಲೇ ಬರುತ್ತದೆ.”

ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. “ನನ್ನ ಪ್ರಶ್ನೆಗಳನ್ನು ನಾನು ಕೇಳಲೇಬೇಕು. ಮೊದಲು ಅವರು ಹೇಳಲಿ. ಉಳಿದದ್ದನ್ನು ಕೇಳಿಕೊಳ್ಳುತ್ತೇನೆ. ನೀವೂ ಕೂತುಕೊಳ್ಳಿ,” ಎಂದರು.

ಮಗಳ ಪರೀಕ್ಷೆ ಮುಗಿದ ಮೇಲೆ ತಾಯಿಯ ಕಡೆ ತಿರುಗಿ, “ನಿಮ್ಮ ಮಗಳು ನಮ್ಮ ಮನೆಗೆ ಬರುತ್ತಾಳೆ ಅಂದುಕೊಳ್ಳಿ ಅಮ್ಮ. ನಾನು ಹೇಗೆ ನೋಡಿಕೊಳ್ಳಬೇಕು?” ಎಂದು ಕೇಳಿದರು.

ತಾಯಿ ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

“ಮುಂಜಾನೆ ನೀವು ಎದ್ದ ಕೂಡ್ಲೆ ಅಕಿನ್ನ ಎಬ್ಬಿಸಿ ಹೊರಗ ಕರಕೊಂಡು ಹೋಗ್ರಿ, ತಡ ಮಾಡಬ್ಯಾಡ್ರಿ. ನೀರು ನೀವ ಬೆರಸ್ರಿ. ಬಿಸಿ ತಣ್ಣಗ ಅಕಿಗೆ ತಿಳಿಯಂಗಿಲ್ಲ, ಒಮ್ಮೆ ಸುಟ್ಕೊಂಡಾಳ, ಇಲ್ಲೆ ನೋಡ್ರಿ ಸುಟ್ಟ ಕಲಿ. ಬಾಗಲದಾಗ ನಿಂತು ಹೇಳ್ಕೊಂತ ಇರ್ಬೇಕ್ರಿ, ಇಲ್ಲಾಂದ್ರ ತಂಬಿಗಿ ಹಿಡ್ಕೊಂಡು ಹಂಗ ಕುಂದರ್ತಾಳ. ಸೀರಿ ಬ್ಯಾಡ್ರಿ, ನೈಟಿ ಹಾಕ್ರಿ. ಗುಂಡಿ ನೀವ ಹಚ್ರಿ. ಅಕಿದು ತಿಂಗಳಾ ಬಂದ್ರ…” ಎಂದು ದನಿ ಇಳಿಸಿ, ಅದನ್ನೂ ಹೇಳಿದರು, ಹೇಗೆ ಗೊತ್ತಾಗುತ್ತದೆ, ಏನು ಮಾಡಬೇಕು ಎಲ್ಲ. “ತಾಟಿನ್ಯಾಗ ಎಷ್ಟು ಹಾಕಿದ್ರೂ ತಿಂತಾಳ್ರಿ, ಸಾಕು ಅನ್ನೂದು ನೀವ ಅನಬೇಕು. ಯಾರರ ಬಾ ಅಂದ್ರ ಹಿಂದ ಹೋಗಿಬಿಡ್ತಾಳ್ರಿ. ಬಾಗಲದ ಅಗಳಿ ಮ್ಯಾಲಿಂದ ಹಾಕ್ರಿ. ಒಲಿ ಕಡೆ ಬಿಡಬ್ಯಾಡ್ರಿ.”

“ರೊಟ್ಟಿ ಬಡೀತೇನಿ!” ಎಂದಳು ಮಗಳು.

“ಬಡೀತಾಳ್ರಿ. ಹಿಟ್ಟು ನೀವ ನಾದಿ, ಉಂಡಿ ಮಾಡಿ ಅಕಿ ಕೈಯಾಗ ಇಡಬೇಕು. ಬಡದ ಮ್ಯಾಲೆ ನೀವ ಎತ್ತಿ ಹಂಚಿಗೆ ಹಾಕಬೇಕು.”

“ಗುಡುಗಿದ್ರ?” ಎಂದಳು ಮಗಳು, ತಾಯಿಗೆ ನೆನಪು ಮಾಡುವಂತೆ.

“ಹೂಂ, ಅದೊಂದ ಮರತೆ. ಗುಡುಗಿದ್ರ ನೀವು ಅಕಿ ಕಿವಿ ಮುಚ್ಚಬೇಕ್ರಿ. ಅಕಿ ನಿಮ್ಮ ಕಿವಿ ಮುಚ್ತಾಳ. ಇಬ್ಬರೂ ಹಂಗ ಕುಂದರಬೇಕು, ನಿಲ್ಲೂತನ.”

ಮೇಡಮ್ಮು ಬರೆಯುತ್ತಿದ್ದರು. ನಡುವೆ ಒಂದೆರಡು ಕಡೆ ನಿಲ್ಲಿಸಿ ಕೇಳಿದರು, ಮತ್ತೆ ಬರೆದರು. ಮಗಳಿಗೆ ಅವಮಾನವಾದಂತೆ ಕಾಣಲಿಲ್ಲ. ತನ್ನ ಬಗ್ಗೆ ಇಷ್ಟು ಮಾತು ನಡೆದದ್ದಕ್ಕೆ ನೆಟ್ಟಗೆ ಕುಳಿತು, ಒಂದೊಂದಕ್ಕೂ ತಲೆಯಾಡಿಸುತ್ತಿದ್ದಳು. ಹೊರಗೆ ಬಂದ ಮೇಲೆ ತಾಯಿ ಬಹಳ ಹೊತ್ತು ಬೆಂಚಿನಿಂದ ಏಳಲಿಲ್ಲ. ನೀರು ಕೊಟ್ಟೆ. ಕುಡಿದು, “ಎಷ್ಟು ಮಾಡ್ತೇನಲ್ರಿ ನಾ,” ಎಂದರು. ದೂರಲ್ಲ, ಬೆರಗು. ನಂತರ ಕಣ್ಣೀರು ಬಂತು. ನಾವು ಬಸ್ಸೊಂದನ್ನು ಬಿಟ್ಟೆವು.

ಈ ಸಲ ಎಪ್ಪತ್ತೈದು ಬಂತು. ಕಂಪ್ಯೂಟರಿನಿಂದ ಕಾರ್ಡು ತೆಗೆದು, ಶಿಗ್ಗಾಂವಿಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಹಾಕಿಸಿ, ಮನೆಗೆ ಒಯ್ದು ಕೊಟ್ಟೆ. ತಾಯಿ ಅಂಕಿಯ ಮೇಲೆ ಬೆರಳಾಡಿಸಿದರು.

“ಸಾಲ್ಯಾಗ ಒಂದ ಸಲಾನೂ ಪಾಸ್ ಆಗ್ಲಿಲ್ಲ. ಇಲ್ಲೆ ಪಾಸಾದ್ಲು ನೋಡ್ರಿ,” ಎಂದು ನಕ್ಕರು. ಆ ನಗುವನ್ನು ನೋಡಲಾಗದೆ ನಾನು ಮಾಸಾಶನದ ಅರ್ಜಿ ತೆಗೆದೆ.

ಅದರ ದಾರಿ ಬೇರೆ. ನಾಡಕಚೇರಿಗೆ ಅರ್ಜಿ, ಆದಾಯ ಪ್ರಮಾಣಪತ್ರ, ಬ್ಯಾಂಕಿನ ಖಾತೆಗೆ ಆಧಾರ ಜೋಡಣೆ. ಗ್ರಾಮ ಆಡಳಿತಾಧಿಕಾರಿ ಮನೆಗೆ ಬಂದು ನೋಡಿ ವರದಿ ಹಾಕಿದರು. ಅಲ್ಲಿಂದ ಮುಂದೆ ಕಂಪ್ಯೂಟರಿನಲ್ಲಿ ‘ಪರಿಶೀಲನೆಯಲ್ಲಿದೆ’ ಎಂದು ಬಂದು ನಿಂತಿತು. ಇದನ್ನು ಬರೆಯುವಾಗಲೂ ಅಲ್ಲೇ ನಿಂತಿದೆ. ನಾನು ವಾರಕ್ಕೊಮ್ಮೆ ನೋಡುತ್ತೇನೆ.

ಆದರೆ ತಾಯಿ ಕಾರ್ಡು ಕೈಗೆ ಬಂದ ಮೇಲೆ ಹೋಗುತ್ತೇನೆ ಎಂದಿದ್ದರು, ಮಾತಿಗೆ ನಿಂತರು. ಹುಬ್ಬಳ್ಳಿಯಿಂದ ಹೊಸ ದಿನ ಸಿಕ್ಕಿತು. ಹಿರಿಯ ಮಗಳು ಆಸ್ಪತ್ರೆಯಲ್ಲಿ ಜೊತೆಗಿರಬೇಕು.

“ಸಣ್ಣಾಕಿನ್ನ ಹಾನಗಲ್ಲಿಗೆ ಕಳಸ್ತೀರೇನು?” ಎಂದು ಕೇಳಿದೆ.

“ಹಾನಗಲ್ಲಿಗ್ಯಾಕರಿ? ನಿಮ್ಮಲ್ಲೆ ಇರ್ತಾಳಲ್ಲ.”

“ನಮ್ಮಲ್ಲೆ?”

“ನೀವ ಹೇಳಿದ್ರಲ್ರಿ. ಎಲ್ಲಾ ಹೇಳಿ ಕೊಟ್ಟೇನಿ, ಎರಡೆರಡು ಸಲ. ಇನ್ನೊಬ್ಬರಿಗೆ ಹೊಸದಾಗಿ ಹೇಳಾಕ ನನಗ ಉಸಿರೆಲ್ಲೈತಿ?”

ಹಿಟ್ಟಿನ ಗಿರಣಿ ನಡೆಸುವ ನಮ್ಮ ಮನೆಯವರಿಗೆ ಹೇಳಿದಾಗ ಮೈಮೇಲಿನ ಹಿಟ್ಟು ಜಾಡಿಸುತ್ತ, “ಕಾರ್ಡು ಮಾಡಸ್ತೇನಿ ಅಂತ ಹ್ವಾದಾಕಿ ಮಗಳನ್ನ ಮಾಡ್ಕೊಂಡು ಬಂದಿ,” ಎಂದರು. ಬೇಡ ಎನ್ನಲಿಲ್ಲ.

ಹೆದ್ದಾರಿಯ ಬಸ್‌ನಿಲ್ದಾಣದಲ್ಲಿ ತಾಯಿ ಬಸ್ಸು ಹತ್ತುವಾಗ ಮಗಳು ಅಳಲಿಲ್ಲ, ಬಳೆ ಅಂಗಡಿ ನೋಡುತ್ತಿದ್ದಳು. ತಾಯಿಯೂ ತಿರುಗಿ ನೋಡಲಿಲ್ಲ. ನೋಡಿದ್ದರೆ ಇಳಿದುಬಿಡುತ್ತಿದ್ದರು.

ಮುಂಜಾನೆ ನೀರು ಬೆರೆಸುವುದು, ಬಚ್ಚಲ ಬಾಗಿಲಲ್ಲಿ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತು ಹೇಳುವುದು, ಗುಂಡಿ, ತಾಟು, ಅಗಳಿ. ಸಂಜೆಯ ಹೊತ್ತಿಗೆ ನನ್ನ ದನಿ ಬಿದ್ದುಹೋಗುತ್ತಿತ್ತು. ಇದನ್ನು ಆಕೆ ಕೆಟ್ಟ ಎದೆ ಇಟ್ಟುಕೊಂಡು ಮಾಡುತ್ತಿದ್ದರು.

ಆಪರೇಷನ್ ಆಯಿತು ಎಂದು ಸುದ್ದಿ ಬಂತು. ತಾಯಿಯನ್ನು ವಾರ್ಡಿಗೆ ತಂದ ಮೇಲೆ ಒಂದು ಮುಂಜಾನೆ ಹಿರಿಯ ಮಗಳು ಫೋನ್ ಹಚ್ಚಿ ಅವರ ಕಿವಿಗೆ ಹಿಡಿದಳು. ನಾನು ಆಗ ಕಿರಿಯಳನ್ನು ಮುಂದೆ ಕೂಡಿಸಿಕೊಂಡು ತಲೆ ಬಾಚಿ ಜಡೆ ಹೆಣೆಯುತ್ತಿದ್ದೆ. ನನಗೆ ಗಂಡುಮಕ್ಕಳೇ, ಈ ಕೆಲಸ ರೂಢಿಯಿಲ್ಲ. ತಾಯಿಯ ದನಿ ತೆಳ್ಳಗಿತ್ತು.

“ಹೆಂಗದಾಳ್ರಿ?”

ನಾನು ಉತ್ತರ ಕೊಡುವ ಮೊದಲೇ ಮಗಳು ಫೋನು ಕಸಿದುಕೊಂಡಳು.

“ಅವ್ವಾ, ಅಕ್ಕಾರಿಗೆ ಹ್ಯಾರಳು ಹಾಕಾಕ ಬರೂದಿಲ್ಲ.”

ಆ ಕಡೆಯಿಂದ ಕೇಳಿದ್ದನ್ನು ಮೊದಲು ಕೆಮ್ಮು ಎಂದುಕೊಂಡು ಹೆದರಿದೆ. ಕೆಮ್ಮಲ್ಲ, ಆಕೆ ನಗುತ್ತಿದ್ದರು. “ನಗಬ್ಯಾಡ ಯವ್ವಾ, ಹೊಲಿಗಿ ಅದಾವ,” ಎಂದು ಹಿರಿಯ ಮಗಳು ಹೇಳುವುದು ಕೇಳಿಸಿತು.

“ಹೇಳಿಕೊಡು ಮತ್ತ ಅಕ್ಕಾರಿಗೆ,” ಎಂದರು ತಾಯಿ.

ಮಗಳು ಫೋನನ್ನು ತೊಡೆಯ ಮೇಲಿಟ್ಟು ತಲೆ ನೆಟ್ಟಗೆ ಮಾಡಿಕೊಂಡಳು. “ಬಿಚ್ರಿ,” ಎಂದಳು. ಬಿಚ್ಚಿದೆ. “ಮೂರು ಮಾಡ್ರಿ.” ಮೂರು ಮಾಡಿದೆ.